ಹಾಸುಗಲ್ಲಿಗೆ ಮುಟ್ಟುವ ಉಸಿರು

೧ ಅಕ್ಟೋಬರ್ ೧೯೩೭, ಶುಕ್ರವಾರ. ಮುಂಜಾನೆ ಹತ್ತು.

ಒಡ್ಡಿನ ನೀರಿನ ಗೇಜ್ ನಾಕ ಫೂಟ ಮೂರ ಇಂಚು. ಸರಕಾರಿ ರಿಜಿಸ್ಟರಿನ್ಯಾಗ ಬರದಾತು. ಇದು ಹಳೇ ರಿಜಿಸ್ಟರು, ಹಿಂದಿನ ಹಾಳಿ ಖಾಲಿ. ಇದು ನಂದು. ಯಾರೂ ತಗದ ನೋಡೂದಿಲ್ಲ, ಅದಕ್ಕ ಬರಿಯಾಕತ್ತೇನಿ.

ಇವತ್ತಿನ ಕೊಂಬು — ಒಂದ ಉಸಿರಿಗೆ ಏಳು ಎಣಿಕಿ. ಬರೇ ಏಳು. ನಮ್ಮಪ್ಪ ಇದ ಒಡ್ಡಿನ ಮ್ಯಾಲ ನಿಂತು, ಇದ ಕೊಂಬು ಹಿಡದು, ಇಪ್ಪತ್ತೆರಡು ಎಣಿಸೂತನಕ ಊದತಿದ್ದ. ನಾನೂ ಹರೇದಾಗ ಹತ್ತೊಂಬತ್ತು ಊದೇನಿ. ಈಗ ಏಳಕ್ಕ ಎದಿಯೊಳಗ ಸೀಟಿ. ಕಣ್ಣಿಗೆ ಕತ್ತಲಿ.

ಮೂವತ್ತ ವರ್ಷದ ಬೀಡಿ. ಶ್ರಾವಣ ಸೋಮವಾರ ಇಷ್ಟಲಿಂಗ ಅಂಗೈಯಾಗ ಹಿಡದು ಆಣಿ ಮಾಡಿ ಬಿಟ್ಟೆ. ಐವತ್ಮೂರು ದಿನ ಆತು. ಬಿಟ್ಟವಗ ಕೆಮ್ಮು ಕಡಿಮಿ ಆಗಬೇಕೋ ಬ್ಯಾಡೋ? ಹೆಚ್ಚಾಗೇತಿ. ಸೇದೂ ಮುಂದ ಇಷ್ಟ ಕೆಮ್ಮತಿದ್ದಿಲ್ಲ. ಇದು ಯಾವ ನ್ಯಾಯ?

ಮಂಗಳವಾರ, ಶುಕ್ರವಾರ ಎಂಟಕ್ಕ ಹೂಳ ಹೋಗೋ ಗೇಟು ಎತ್ತಬೇಕು. ಅದಕ್ಕಿಂತ ಮೊದಲ ಮೂರ ಸಲ ಕೊಂಬು. ಅರ್ಧ ಮೈಲ ಕೆಳಗ ಹಾಸುಗಲ್ಲಿನ ಮ್ಯಾಲ ಧುಪದಾಳದ ಹೆಂಗಸರು ಅರಬಿ ಒಗಿತಾರ. ಕೊಂಬು ಕೇಳಿ ಅವರು ದಂಡಿ ಏರಬೇಕು, ಆಮ್ಯಾಲ ನೀರು. ಇವತ್ತ ಮೂರ ಸಲ ಊದಿದೆ, ಒಂದ ಸೀರಿಯೂ ಅಲಗ್ಯಾಡಲಿಲ್ಲ. ಕಡೀಕ ಗೇಟಿನ ಗಾಲಿ ತಿರುಗಸೋ ಯಲ್ಲಾರಿನ್ನ ಓಡಿಸಿ ಎಬ್ಬಿಸಬೇಕಾತು. ನಕ್ಕೋತ ಬಂದ ಮಗಾ.

ಗೋಕಾಕದಿಂದ ಕಾಗದ ಬಂದೈತಿ. ಡಿಸೆಂಬರ್ ಮೂರಕ್ಕ ಓವರಸೀರ ಸಾಹೇಬ್ರ ಇನ್ಸ್‌ಪೆಕ್ಷನ್. ಕೊಂಬಿನ ಸಪ್ಪಳ ಹಾಸುಗಲ್ಲಿಗೆ ಮುಟ್ಟದಿದ್ರ ಕೊಂಬು ಬ್ಯಾರೆಯವರ ಕೈಯಾಗ. ಅಪ್ಪನ ಕೊಂಬು. ಬ್ಯಾರೆಯವರ ಬಾಯಾಗ.

೩ ಅಕ್ಟೋಬರ್, ರವಿವಾರ

ಸುದ್ದಿ ಊರ ತುಂಬ ಆಗೇತಿ. ಹಾದಿಯಾಗ ಸಿಕ್ಕವರೆಲ್ಲಾ ವೈದ್ಯರು. ಒಬ್ಬ ಅಂತಾನ, ಬಳ್ಳೊಳ್ಳಿ ಸುಟ್ಟು ತಿನ್ರಿ. ಇನ್ನೊಬ್ಬ, ಹಸೇ ಉಳ್ಳಾಗಡ್ಡಿ ರಸ. ಮತ್ತೊಬ್ಬ, ಆಡಿನ ಹಾಲು. ಮೂವತ್ತ ವರ್ಷ ಇದ ಮಂದಿ ನನಗ ಬೀಡಿ ಕೊಟ್ಟು ಕಡ್ಡಿ ಗೀರಿದ್ರು. ಆವಾಗ ಒಬ್ಬರ ಬಾಯಾಗರ ಬಳ್ಳೊಳ್ಳಿ ಹೆಸರು ಬಂದಿತ್ತೇನು?

ಮನ್ಯಾಗ ಕಾಶೆವ್ವ ಸುಮ್ಮ ಇದ್ಲು. ನನ್ನ ಹೆಂಡತಿ ಸುಮ್ಮ ಇದ್ದಳಂದ್ರ ಒಲಿ ಮ್ಯಾಲ ಏನರ ಐತಿ ಅಂತ ಅರ್ಥ. ಕಾಲವಿ ಬೇಲಿಯಾಗಿನ ಆಡುಸೋಗಿ ತಂದು, ಎಲಿ ಉಗಿಯಾಗ ಬಾಡಿಸಿ, ಹಿಂಡಿ, ಜೇನತುಪ್ಪ ಮೆಣಸಿನಕಾಳು ಹಾಕಿ ಕೊಟ್ಲು. ವಿಷಕ್ಕರ ಒಂದ ರುಚಿ ಇರತೈತಿ. ಉಗುಳಿದೆ. ಮತ್ತೊಂದ ಬಟ್ಟಲ ತಂದ್ಲು.

"ಕುಡೀರಿ. ಇದರಾಗ ನಿಮ್ಮ ಕೂಡ ಜಗಳಿಲ್ಲ."

ಕುಡದೆ.

೫ ಅಕ್ಟೋಬರ್, ಮಂಗಳವಾರ

ಎಣಿಕಿ ಏಳು. ಆದ್ರ ಮೂರನೇ ಕೊಂಬಿಗೆ ಸೀರಿಗೋಳು ಅಲಗ್ಯಾಡಿದ್ವು. ಕೆಂಪು, ಹಸರು, ಮತ್ತೊಂದ ಕೆಂಪು — ಸಾಲಾಗಿ ದಂಡಿ ಏರಿದ್ವು. ಯಲ್ಲಾರಿಗೆ ತೋರಿಸಿದೆ. ಈಗ ನಗು ಅಂದೆ. ಎರಡ ದಿನದ ಆಡುಸೋಗಿ ಇಷ್ಟ ಕೆಲಸ ಮಾಡತೈತಿ ಅಂತ ನನಗೂ ಗೊತ್ತಿದ್ದಿಲ್ಲ.

ಮನಿಗೆ ಬಂದೆ, ಇಕಿ ಇಲ್ಲ. ಹೊಳಿಗೆ ಹೋಗ್ಯಾಳ. ಕಷಾಯ ಒಲಿ ಬಾಜೂಕ ಮುಚ್ಚಿಟ್ಟಾಳ, ಆರಿ ತಣ್ಣಗಾಗೇತಿ. ಗಂಡ ಎದಿ ಹರಕೊಂಡ ಊದಿ ಬಂದಾನ, ಬಿಸಿ ಕಷಾಯ ಕೊಡಾಕ ಕೈ ಇಲ್ಲ. ಇಬ್ಬರ ಮನ್ಯಾಗ ಅರಬಿ ಎಷ್ಟ ಇರತಾವ?

೧೩ ಅಕ್ಟೋಬರ್, ಬುಧವಾರ. ಖಂಡೆ ಪೂಜಿ, ಆಯುಧದ ಹಬ್ಬ.

ನಿನ್ನಿ ಎಣಿಕಿ ಎಂಟು. ಎರಡನೇ ಕೊಂಬಿಗೆ ಎದ್ದರು.

ಕೊಂಬು ದೇವರ ಜಗಲಿ ಮ್ಯಾಲ ಇಟ್ಟು ಇಬತ್ತಿ ಹಚ್ಚಿದೆ. ಇಕಿ ಮೊದಲ ಹುಣಸಿಹಣ್ಣು ಬೂದಿ ಹಾಕಿ ತಿಕ್ಕಿ ಬಂಗಾರ ಮಾಡಿ ಇಟ್ಟಿದ್ಲು. ತಿಕ್ಕಿದವಳು ಒಂದ ಗಳಿಗಿ ಅದರ ಬಾಯಿ ಕಡೆ ನೋಡಕೋತ ನಿಂತ್ಲು. ಹೆಂಗಸರ ಬಾಯಿ ಹತ್ತಬಾರದು, ನಮ್ಮವ್ವನ ಕಟ್ಟಳಿ ಗೊತ್ತೈತಿಲ್ಲೋ ಅಂದೆ.

"ಗೊತ್ತೈತ್ರಿ. ತಿಕ್ಕಾಕ ಹೆಂಗಸರ ಕೈ ನಡೀತೈತಿ. ಊದಾಕಷ್ಟ ಬಾಯಿ ನಡಿಯೂದಿಲ್ಲ."

ಹಬ್ಬದ ದಿನ ಇಂಥಾ ಮಾತು. ಹೋಳಿಗಿ ತಿನ್ನೂತನ ಮಾತಾಡಲಿಲ್ಲ ನಾನು. ತಿಂದ ಮ್ಯಾಲೂ ಆಡಲಿಲ್ಲ.

ಇನ್ನೊಂದು. ಹಿಟ್ಟ ನಾದೋ ಹಿತ್ತಾಳಿ ಪರಾತ ಅಂಚಿಗೆಲ್ಲಾ ನೆಗ್ಗೈತಿ. ಕೇಳಿದ್ರ, ಬಿತ್ತು ಅಂತಾಳ. ಕಬ್ಬಿಣ ಸವಟು ಎಲ್ಲೆ ಅಂದ್ರ, ಕಳದೈತಿ ಅಂತಾಳ. ಮನಿ ನಡಸೂ ರೀತಿ ಇದು.

೨೪ ಅಕ್ಟೋಬರ್, ರವಿವಾರ

ಇಕಿ ತಮ್ಮ ಸತ್ತೆಪ್ಪ ಬಂದಿದ್ದ. ಹುಕ್ಕೇರಿ ಕಡೆ ತಂಬಾಕ ಬೆಳಿತಾನ. ಅವ ಬಾಗಿಲದಾಗ ಬರೂಕಿಂತ ಮೊದಲ ಅವನ ವಾಸನಿ ಒಳಗ ಬರತೈತಿ. ಕಂಬಳಿ, ರುಂಬಾಲು, ಬೆವರು — ಎಲ್ಲಾ ತಂಬಾಕ.

"ಮಾವಾರ, ನಿಮ್ಮ ಎದಿಗೆ ಔಷಧ ತಂದೇನಿ." ಗಂಟು ಬಿಚ್ಚಿದ. ಒಣಗಿದ ಉಮ್ಮತ್ತಿ ಎಲಿ. "ಚಿಲಮಿಯಾಗ ಹಾಕಿ ನಾಕ ದಮ್ಮ ಎಳೀರಿ. ಎದಿ ಬಿಚ್ಚತೈತಿ."

ಹೊಗಿಯಿಂದ ಕೆಟ್ಟ ಎದಿಗೆ ಹೊಗಿ ಔಷಧ. ಬೆಂಕಿ ಹತ್ತಿದ ಬಣವಿಗೆ ಬೆಂಕಿ ಹಚ್ಚಿ ಆರಿಸಬೇಕಂತ. ಉಮ್ಮತ್ತಿ ತಿಂದ ಎತ್ತು ನಾಕ ಕಾಲ ಮ್ಯಾಲ ಮಾಡಿ ಸತ್ತದ್ದು ಕಣ್ಣಾರೆ ನೋಡೇನಿ ನಾನು. ಗಂಟು ಒಯ್ದು ಒಲಿಗೂ ಹಾಕಲಿಲ್ಲ, ಹೊಗಿ ಎದ್ದೀತಂತ — ತಿಪ್ಪಿಯಾಗ ಹುಗದ ಬಂದೆ.

"ತಂಬಾಕ ಮಾರಿ ನನ್ನ ಎದಿ ಸುಟ್ಟವ ನೀನ, ಈಗ ಔಷಧ ಹೇಳಾಕ ಬಂದವನೂ ನೀನ?"

"ನಾ ಬೆಳೀತೇನ್ರಿ. ಸೇದಂತ ಹೇಳಿಲ್ಲಲ್ಲ."

ಹಿಂಗಂತಾನ. ಇಕಿ ನಡುವ ಬಂದು ರೊಟ್ಟಿ ಬಡಿಸಿದ್ಲು, ಇಲ್ಲಾಂದ್ರ ಕೈ ಎತ್ತತಿದ್ದೆ.

ಅವ ಹೋದ ಮ್ಯಾಲ... ಅವ ಕುಂತಿದ್ದ ಚಾಪಿ ಎತ್ತಿ ಮೂಸಿ ನೋಡಿದೆ. ಖರೆ ಬರಿತೇನಿ, ಯಾರ ನೋಡವರು. ಎರಡ ಸಲ ಮೂಸಿದೆ. ಬಾಯಾಗ ನೀರ ಬಂತು. ನಾಚಿಕಿ ಆತು.

೨ ನವೆಂಬರ್, ಮಂಗಳವಾರ

ಎಣಿಕಿ ಹತ್ತು. ಮೊದಲನೇ ಕೊಂಬಿಗೇ ಎಲ್ಲಾರೂ ಎದ್ದರು. ಮೊದಲನೇದಕ್ಕ. ಎರಡನೇದು ಊದೂ ಜರೂರೇ ಬೀಳಲಿಲ್ಲ, ನಿಯಮ ಅಂತ ಊದಿದೆ.

ಈಗ ಮುಂಜಾನೆ ಆಡುಸೋಗಿ. ಮಧ್ಯಾಹ್ನ ಶುಂಠಿ, ಹಿಪ್ಪಲಿ, ಬೆಲ್ಲ. ಸಂಜಿಮುಂದ ಅಜಿವಾನ, ತುಳಸಿ ಕುದಿಸಿದ ನೀರಿನ ಉಗಿ — ಕಂಬಳಿ ಹೊದ್ದು ಒಳಗ ಕುಂತು ಬೆಯ್ಯೂದು. ಮಲಗೂ ಮುಂದ ಅಗಸಿ ಹಿಟ್ಟಿನ ಪಟ್ಟಿ ಎದಿ ಮ್ಯಾಲ. ನಿನ್ನಿ ಪಟ್ಟಿ ಭಾಳ ಸುಡತಿತ್ತು, ಬೊಬ್ಬಿ ಎದ್ದೈತಿ. ಬೈದೆ. ಗೋಧಿ ಸುಗ್ಗಿ ಮುಗಸಿದವರಂಗ ದಣದೇನಿ, ಬರೇ ಔಷಧ ತಗೊಂಡು.

ಕಫ ಮಾತ್ರ ಬಿಳಿ ಆಗೇತಿ. ಮೊದಲ ಕರೀದು ಬರತಿತ್ತು. ಇದು ನಾ ಹೇಳೂದಲ್ಲ, ಕಣ್ಣಿಗೆ ಕಾಣೂ ಮಾತು.

ಯಲ್ಲಾರಿಗೆ ಹೇಳಿದೆ, ನೀನೂ ಬೀಡಿ ಬಿಡು, ಆಡುಸೋಗಿ ಕುಡಿ. "ಆಗಲಿ ಬಿಡ್ರಿ," ಅಂತ ನನ್ನ ಮುಂದ ಕಡ್ಡಿ ಗೀರಿದ. ಪುಕ್ಕಟ ಬುದ್ಧಿ ಹೇಳಿದ್ರ ಈ ಮಂದಿಗೆ ಕಿಮ್ಮತ್ತಿಲ್ಲ.

ಇಕಿ ಇವತ್ತೂ ಹೊಳಿಗೆ. ಅಮಾಸಿ, ದೀಪಾವಳಿ ಹಬ್ಬ, ಮನ್ಯಾಗ ಕೆಲಸ ಬೆಟ್ಟದಷ್ಟು. ಆದ್ರೂ ಹೊಳಿಗೆ. ಕೇಳಿದ್ರ ಹಬ್ಬದ ಅರಬಿ ಅಂತಾಳ.

೧೮ ನವೆಂಬರ್, ಗುರುವಾರ

ಗೋಕಾಕಕ್ಕ ಹೋಗಿದ್ದೆ. ಡಾಕ್ಟರ ಎದಿಗೆ ನಳಿಗಿ ಹಚ್ಚಿ ನೋಡಿದ. ಹಿಂದ ಮುಂದ ಬಡದ.

"ಬೀಡಿ ಬಿಟ್ಟದ್ದು ಛೊಲೋ ಆತು. ಅದ ದೊಡ್ಡ ಔಷಧ. ಕಷಾಯ, ಉಗಿ ನಡಿಯಲಿ, ಗಂಟಲಿಗೆ ಹಿತ. ಆದ್ರ ಎದಿಯೊಳಗ ಕೆಟ್ಟದ್ದು ಪೂರಾ ತಿರುಗಿ ಬರೂದಿಲ್ಲ. ಉಳದದ್ದನ್ನ ಕಾಯ್ಕೋರಿ. ಆ ಊದೂ ಕೆಲಸ ಬಿಡ್ರಿ."

ಇಷ್ಟ ಹೇಳಿ ತಾನ ಸಿಗರೇಟ ಹಚ್ಚಿದ. ನನ್ನ ಮಾರಿಗೆ ಹೊಗಿ ಬಿಟ್ಟ. ಹೊರಗ ಬಂದು ಹದಿನೈದ ಮಿನಿಟ ಕೆಮ್ಮಿದೆ, ಅದು ಅವನ ಹೊಗಿಗೆ, ನನ್ನ ಎದಿಗಲ್ಲ.

ಪೂರಾ ಬರೂದಿಲ್ಲಂತ. ಮಂಗಳವಾರ ಬಂದು ಒಡ್ಡಿನ ಮ್ಯಾಲ ನಿಂದರಲಿ. ಅರ್ಧ ಮೈಲ ದೂರದ ಹೆಂಗಸರು ಮೊದಲನೇ ಕೊಂಬಿಗೆ ಏಳೂದನ್ನ ನೋಡಲಿ. ನಳಿಗಿಗೆ ಏನ ಗೊತ್ತು?

೨೮ ನವೆಂಬರ್, ರವಿವಾರ

ತುಕ್ಕಾನಟ್ಟಿಯಿಂದ ಆಳು ಬಂದಿದ್ದ. ಇಕಿ ತಂಗಿಗೆ ಜಡ್ಡು, ಜ್ವರ ಇಳೀವಲ್ದಂತ. ಚಕ್ಕಡಿ ತಂದಾನ. ಹೊಂಟ್ಲು. ಹೊಂಟವಳು ಬಾಗಿಲದಾಗ ನಿಂತ್ಲು.

"ರೀ. ಮಂಗಳವಾರ ಗೇಟ ಎತ್ತಬ್ಯಾಡ್ರಿ. ನಾ ಬರೂತನ ತಡೀರಿ."

"ಸರಕಾರದ ಗೇಟು ನಿನ್ನ ಹಾದಿ ನೋಡಬೇಕೇನು?"

"ಹಂಗಲ್ರಿ. ನಿಮಗೊಂದ ಮಾತ ಹೇಳಬೇಕಿತ್ತು—"

"ಕಷಾಯ ನಾನ ಮಾಡ್ಕೋತೇನಿ. ಹಾದಿ ಹಿಡಿ."

ಚಕ್ಕಡಿಯಾಗ ಕುಂತೂ ತಿರುಗಿ ತಿರುಗಿ ನೋಡಿದ್ಲು. ನಾಕ ದಿನಕ್ಕ ಇಷ್ಟ್ಯಾಕ ಸಂಕಟ? ನಾ ಏನ ಕೂಸೇನು?

೩೦ ನವೆಂಬರ್, ಮಂಗಳವಾರ. ಮಧ್ಯಾಹ್ನ.

ಆದದ್ದು ಆದಂಗ ಬರಿತೇನಿ.

ಎಣಿಕಿ ಹನ್ನೊಂದು. ಶ್ರಾವಣದಿಂದ ಇದ ಹೆಚ್ಚಿಂದು. ಮೊದಲನೇ ಕೊಂಬು — ಯಾರೂ ಏಳಲಿಲ್ಲ. ಎರಡನೇದು. ಮೂರನೇದು. ಸೀರಿಗೋಳು ಇದ್ದಲ್ಲೇ.

"ಎದ್ದಿಲ್ಲರಿ," ಅಂದ ಯಲ್ಲಾರಿ. "ಓಡಿ ಹೋಗ್ಲೇನು?"

ಸಿಟ್ಟ ನೆತ್ತಿಗೇರಿತು. ಎರಡ ತಿಂಗಳಿಂದ ಕೇಳಿಸಿದ್ದು ಇವತ್ತ ಕೇಳಿಸೂದಿಲ್ಲೇನು? ಕೇಳಿಸೂದಿಲ್ಲಂತಲ್ಲ, ಸೊಕ್ಕು. ಬಸವಣ್ಣೆಪ್ಪ ಊದತಾನ, ಊದಲಿ ಬಿಡು ಅಂತ ಹರಟಿ ಹೊಡಕೋತ ಕುಂತಾರ. "ಅರ್ಧ ಸುತ್ತು ತಿರುಗಸು," ಅಂದೆ. "ಕಾಲಿಗೆ ನೀರ ಹತ್ತಿದ್ರ ತಾವ ಏಳತಾರ."

ಯಲ್ಲಾರಿ ನನ್ನ ಮಾರಿ ನೋಡಿದ. ಒಲ್ಲೆ ಅಂದ. ನಾನ ಗಾಲಿಗೆ ಕೈ ಹಾಕಿದೆ.

ಆಮ್ಯಾಲ ಚೀರಿದ್ದು ಕೇಳಿಸಿತು. ಅವರ ದನಿ ಅಲ್ಲಿಂದ ಇಲ್ಲೀತನ ಬಂತು. ನನ್ನ ಕೊಂಬು ಇಲ್ಲಿಂದ ಅಲ್ಲೀತನ ಹೋಗಿದ್ದಿಲ್ಲ.

ಯಲ್ಲಾರಿ ಗೇಟ ಇಳಿಸಿದ. ನಾ ಓಡಿದೆ. ಓಡಿದೆ ಅಂತ ಬರಿಯಾಕ ನಾಚಿಕಿ. ಹೊಳಿ ತಿರುವಿನ್ಯಾಗ ಬೇವಿನ ಗಿಡ ಐತಿ, ಅಲ್ಲಿಗೇ ಉಸಿರ ಮುಗೀತು. ಗಿಡ ಹಿಡಕೊಂಡ ಕುಂತೆ. ತಲಿ ಮ್ಯಾಲ ಟೊಂಗಿ ಸಂದಿಯಾಗ ಏನೋ ಸಿಗಿಸಿತ್ತು. ತಗದೆ.

ನಮ್ಮ ಮನಿ ಕಬ್ಬಿಣ ಸವಟು.

ಅಷ್ಟರಾಗ ಹಣಮವ್ವ ಬಂದ್ಲು. ದಿನಾ ಹಾಸುಗಲ್ಲಿಗೆ ಬರೋ ಹಿರೇ ಹೆಂಗಸು. ಮೈಯೆಲ್ಲಾ ತೊಯ್ದೈತಿ, ಮೊಣಕಾಲು ಒಡದು ರಕ್ತ. ಜಾರಿ ಬಿದ್ದವಳನ್ನ ನಾಕ ಮಂದಿ ಹೆಂಗಸರು ಕೈ ಹಿಡದು ಎಳದಾರ. ಅರಬಿ ಬುಟ್ಟಿ ಹೊಳಿ ಪಾಲು.

"ಏನೋ ಬಸವಣ್ಣೆಪ್ಪ, ಕೊಲ್ಲಬೇಕಂತ ಮಾಡೀಯೇನು? ಕಾಶಿ ಊರಾಗಿಲ್ಲ, ಪರಾತದ ಸಪ್ಪಳಿಲ್ಲ. ನೀರ ಬಿಡತೀಯಂತ ನಮಗ ಹ್ಯಾಂಗ ತಿಳೀಬೇಕು?"

"ಕೊಂಬು ಊದಿದ್ನಲ್ಲ, ಹಣಮಕ್ಕ."

"ಯಾವ ಕೊಂಬು? ನಿನ್ನ ಕೊಂಬು ಈ ಬೇವಿನ ಗಿಡಾ ದಾಟಿ ಎರಡ ತಿಂಗಳ ಮ್ಯಾಲಾತು. ಇಲ್ಲಿ ಕುಂತು ಅಕಿ ಕೇಳತಾಳ. ಕೇಳಿದ್ದ ತಡಾ ಇಲ್ಲ, ಪರಾತ ಬಡಕೋತ ನಮ್ಮ ಕಡೆ ಓಡಿ ಬರತಾಳ. ನೀ ನಿನ್ನ ಕಷಾಯ ಕುಡಕೋತ ಕುಂದರು."

ಇಷ್ಟ ಹೇಳಿ ಕುಂಟಕೋತ ಹೋದ್ಲು. ಕೈ ಮುಗಿಯಾಕ ನನಗ ಏಳೂದೂ ಆಗಲಿಲ್ಲ.

೧ ಡಿಸೆಂಬರ್, ಬುಧವಾರ

ಗೇಜ್ ಮೂರ ಫೂಟ ಹತ್ತ ಇಂಚು.

ಹಣಮವ್ವನ ಮನಿಗೆ ಹೋಗಿ ತಲಿ ಬಾಗಿಸಿದೆ. ಮೊಣಕಾಲಿಗೆ ಅರಿಷಿಣ ಕಟ್ಟಿದ್ರು. ಒಳಗ ಕರೀಲಿಲ್ಲ. ಕರಿಯೂದೂ ಬ್ಯಾಡ.

ಬರೋ ಹಾದಿಯಾಗ ಅಂಗಡಿಯಾಗ ಬೀಡಿ ಕಟ್ಟ ತಗೊಂಡೆ. ಈಗ ಮುಂದ ಐತಿ. ಎಲ್ಲಾ ಸುಳ್ಳ ಆದ ಮ್ಯಾಲ ಇದೊಂದ್ಯಾಕ ಬಿಡಬೇಕು? ಕೊರಳಾಗಿನ ಲಿಂಗಕ್ಕ ಕೈ ಹೋಗತೈತಿ, ಬೀಡಿಗೆ ಹೋಗವಲ್ದು. ಹಾಳಾಗಿ ಹೋಗಲಿ.

ಎರಡ ತಿಂಗಳ ಒಡ್ಡಿನ ಮ್ಯಾಲ ಎದಿ ಉಬ್ಬಿಸಿ ನಿಂತೇನಿ. ಯಲ್ಲಾರಿಗೆ ಉಪದೇಶ ಮಾಡೇನಿ. ಡಾಕ್ಟರನ್ನ ಬೈದೇನಿ. ಇಕಿ ಗಿಡದ ಬುಡಕ ಕುಂತು ನಕ್ಕಿರಬೇಕು. ಬರಲಿ.

೨ ಡಿಸೆಂಬರ್, ಗುರುವಾರ. ಸಂಜಿಮುಂದ.

ಮಧ್ಯಾಹ್ನ ಬಂದ್ಲು. ತಂಗಿ ಆರಾಮ ಆಗ್ಯಾಳ. ಹಾದಿಯಾಗ ಎಲ್ಲಾ ಕೇಳಕೊಂಡ ಬಂದಾಳ. ನಾ ಸವಟು ನಡುಮನ್ಯಾಗ ಇಟ್ಟಿದ್ದೆ. ನೋಡಿದ್ಲು. ಎತ್ತಿ ಒಲಿ ಬಾಜೂಕ ಇಟ್ಲು, ದಿನಾ ಇಡೂ ಜಾಗಾದಾಗ.

"ನನ್ನ ಮಂಗ್ಯಾ ಮಾಡಿದಿ," ಅಂದೆ.

"ಮಾಡಿದೆ."

"ಹೇಳಾಕ ಏನಾಗಿತ್ತು?"

"ಹೇಳಿದ್ರ ಕಷಾಯ ಕುಡೀತಿದ್ರೇನ್ರಿ? ಮಂದಿ ಎದ್ದರು, ಎದ್ದರು ಅಂತ ದಿನಾ ಕುಡದ್ರಿ. ಎದ್ದರು ಅಂತ ಬೀಡಿ ಮುಟ್ಟಲಿಲ್ಲ. ಮದವಿ ಆದಾಗಿಂದ ನಿಮ್ಮ ಕೆಮ್ಮು ಎಣಸಕೋತ ಮಲಗೇನಿ. ಈ ಎರಡ ತಿಂಗಳ ನಿದ್ದಿ ಮಾಡೇನಿ." ಒಲಿ ಮುಂದ ಕುಂತು ಅಂದ್ಲು, "ಹೋಗೂ ದಿನ ಹೇಳಬೇಕಿತ್ತು. ಒದರಿ ಹೇಳಬೇಕಿತ್ತು. ಹಣಮಕ್ಕನ ರಕ್ತ ನನ್ನ ತಲಿ ಮ್ಯಾಲೂ ಐತಿ."

ಬೈಯಾಕ ಬಾಯಿ ತಗದೆ. ತಗದ ಬಾಯಿಗೆ ನೀರ ಹಾಕೊಂಡೆ.

"ನಾಳಿ ಸಾಹೇಬ್ರು ಬರತಾರ," ಅಂದ್ಲು. "ಗಿಡದ ಹಂತ್ಯಾಕ ಕುಂದರತೇನಿ. ಅವರಿಗೆ ಒಡ್ಡಿನಿಂದ ನಾ ಕಾಣೂದಿಲ್ಲ, ಕೊಂಬಿನ ಸಪ್ಪಳದಾಗ ಪರಾತ ಕೇಳೂದೂ ಇಲ್ಲ. ಹೆಂಗಸರು ಏಳೂದಷ್ಟ ಕಾಣತೈತಿ. ಕೊಂಬು ನಿಮ್ಮ ಕೈಯಾಗ ಉಳೀತೈತಿ."

ಉಳೀತೈತಿ ಖರೆ. ಆಮ್ಯಾಲ ಹಣಮವ್ವನ ಮೊಣಕಾಲು ಕಣ್ಣ ಮುಂದ ಬಂತು. ಇಕಿಗೆ ಒಂದ ದಿನ ಜ್ವರ ಬಂದ್ರ? ಮತ್ತ ತಂಗಿ ಮನಿಗೆ ಹೋದ್ರ?

ಜಗಲಿ ಮ್ಯಾಲಿನ ಕೊಂಬು ತಂದು ಇಕಿ ಮುಂದ ಹಿಡದೆ. "ಊದು."

"ನಿಮ್ಮವ್ವನ ಕಟ್ಟಳಿ?"

ಕೊಂಬು ಇನ್ನೂ ಮುಂದ ಚಾಚಿದೆ. ಇಕಿನೇ ಅಂದ್ಲು, "ನನ್ನ ಕೊರಳಾಗೂ ಲಿಂಗ ಐತಿ ಬಿಡ್ರಿ. ನಿಮ್ಮದಕ್ಕಿಂತ ಸಣ್ಣದೇನಲ್ಲ."

ಹಿತ್ತಲದಾಗ ನಿಂತು ಊದಿದ್ಲು. ಮೊದಲ ಬರೇ ಗಾಳಿ. ತುಟಿ ಬಿಗಿ ಹಿಡಿ, ಗಲ್ಲ ಉಬ್ಬಿಸಬ್ಯಾಡ, ಹೊಟ್ಟಿಯಿಂದ ದಬ್ಬು ಅಂತ ಹೇಳಿಕೊಟ್ಟೆ. ನಮ್ಮಪ್ಪ ನನಗ ಹೇಳಿದ್ದ ಮಾತು. ನಾಕನೇ ಸಲಕ್ಕ ಎಮ್ಮಿ ಕಣ್ಣಿ ಹರಕೊಂಡು ಓಡಿತು. ಹನ್ನೆರಡು ಎಣಿಕಿ. ಬಾಜೂ ಮನಿಯವರು ನೀರ ಬಿಟ್ಟರೇನೋ ಅಂತ ಮಾಳಿಗಿ ಏರಿದ್ರು.

ಎಂದೂ ಸೇದದ ಎದಿ ಅದು. ಮೂವತ್ತ ವರ್ಷ ನನ್ನ ಹೊಗಿ ಕುಡದೂ ಉಳಕೊಂಡೈತಿ. ನನಗ ಸಿಟ್ಟ ಬರಬೇಕಿತ್ತು. ಬಂತು. ಯಾರ ಮ್ಯಾಲಂತ ಬರಿಯಾಕ ತಿಳೀವಲ್ದು.

ಬೀಡಿ ಕಟ್ಟು ತಿಪ್ಪಿಗೆ ಹೋತು, ಉಮ್ಮತ್ತಿ ಬಾಜೂಕ.

೩ ಡಿಸೆಂಬರ್, ಶುಕ್ರವಾರ. ಎಂಟಕ್ಕ ಹತ್ತ ಮಿನಿಟ ಕಡಿಮಿ.

ಒಡ್ಡಿನ ಮ್ಯಾಲ ಕುಂತ ಬರಿಯಾಕತ್ತೇನಿ. ಆಡುಸೋಗಿ ಕುಡದ ಬಂದೇನಿ, ಊದೂದಕ್ಕಲ್ಲ, ಉಸಿರಾಡೂದಕ್ಕ.

ಸಾಹೇಬ್ರು ಬಂದಾರ. ಎಲ್ಲಾ ಹೇಳಿದೆ. ಮಂಗಳವಾರದ್ದೂ ಹೇಳಿದೆ, ಗಾಲಿಗೆ ಕೈ ಹಾಕಿದವ ನಾನಂತ. ರಿಪೋರ್ಟ ಬರೀತೇನಿ ಅಂದ್ರು. ಬರೀರಿ ಅಂದೆ. ಮತ್ತ ಕೊಂಬು ಯಾರು ಊದವರು ಅಂತ ಕೇಳಿದ್ರು. ಇಕಿನ್ನ ತೋರಿಸಿದೆ. ಅವರ ಹುಬ್ಬು ಮ್ಯಾಲಕ್ಕ ಹೋದ್ವು. ಹೆಂಗಸು ಅಂದ್ರು. ಮೊದಲ ಕಿವಿಲೆ ಕೇಳ್ರಿ, ಆಮ್ಯಾಲ ಮಾತಾಡ್ರಿ ಅಂದೆ. ದನಿ ಸ್ವಲ್ಪ ಜೋರಾತು. ಆಗಲಿ.

ಬೇವಿನ ಗಿಡದ ಬುಡಕ ಇವತ್ತ ಯಾರೂ ಇಲ್ಲ. ಹಾಸುಗಲ್ಲಿನ ಮ್ಯಾಲ ಸೀರಿಗೋಳು ಕಾಣತಾವ. ಹಣಮವ್ವನೂ ಬಂದಾಳ, ದಂಡಿಗೇ ಕುಂತಾಳ. ಇಕಿ ಊದತಾಳಂತ ಆ ಹೆಂಗಸರಿಗೆ ಏನೂ ಹೇಳಿಲ್ಲ.

ಇಕಿ ಸೆರಗು ಬಿಗದು ಕಟ್ಟಿದ್ಲು. ನನ್ನ ಕಡೆ ನೋಡಿದ್ಲು. ಎಣಸ್ರಿ ಅಂದ್ಲು.

ಊದಾಕತ್ತಾಳ. ಐದು. ಎಂಟು. ಹನ್ನೊಂದು, ನನ್ನದು ದಾಟಿತು. ಹದಿನಾಕು. ಒಂದ ಕೆಂಪು ಸೀರಿ ಎದ್ದಿತು. ಹಸರು. ಮತ್ತೊಂದು. ಹಣಮವ್ವ ಈ ಕಡೆ ತಿರುಗ್ಯಾಳ, ಕೈ ಎತ್ಯಾಳ. ಹದಿನೇಳು. ಸಾಹೇಬ್ರು ಎದ್ದ ನಿಂತ್ರು. ಹತ್ತೊಂಬತ್ತು. ಇಪ್ಪತ್ತು. ಇಕಿ ಇನ್ನೂ—